ಬೆಳಿಗ್ಗೆ ಬಂದವರ ಗುಡ್ಡೆ

ಜಗಳೂರು ದಾಟಿ ಬಸ್ಸು ಮುಂದೆ ಹೋದರೆ ಶೇಂಗಾ ಹೊಲ ಮತ್ತು ಕುರಿಮಂದೆ ಬಿಟ್ಟು ಬೇರೇನೂ ಕಾಣದ ಕಡೆ ಒಂದು ಊರಿದೆ. ಊರಿನ ಹೆಸರು ಬೇಡ, ಹೇಳಿದರೆ ಈಗಲೂ ಜಗಳಕ್ಕೆ ಬರುವವರಿದ್ದಾರೆ. ಅಲ್ಲಿನ ಪ್ರೌಢಶಾಲೆಯಲ್ಲಿ ಎಪ್ಪತ್ತರ ದಶಕದ ಆರಂಭದಿಂದ ಇಂಗ್ಲಿಷ್ ಕಲಿಸುತ್ತಿದ್ದವರು ನನ್ನೇಸಾಬರು. ಶಾಲೆ ಸರ್ಕಾರದ್ದಲ್ಲ, ಊರ ಗೌಡರಾದ ಉಚ್ಚಂಗೆಪ್ಪನವರ ಆಡಳಿತ ಮಂಡಳಿಯದು. ಇಂಥ ಶಾಲೆಗಳಲ್ಲಿ ಸರ್ಕಾರದ ಅನುದಾನ ಬರುವ ತನಕ ಮೇಷ್ಟ್ರುಗಳಿಗೆ ಸಂಬಳವೆಂದರೆ ಹಬ್ಬಕ್ಕೊಮ್ಮೆ ಕೈಗೆ ಬೀಳುವ ಚಿಲ್ಲರೆ. ಅನುದಾನ ಬಂದಾಗ ಯಾರ ಹೆಸರು ಮಂಜೂರಾಗುತ್ತದೋ ಅವರಿಗೆ ಮಾತ್ರ ತಿಂಗಳ ಸಂಬಳ, ಪಿಂಚಣಿ ಎಲ್ಲ. ಆ ಮಂಜೂರಾತಿಗಾಗಿ ನನ್ನೇಸಾಬರು ಕಾದರು. ಕಾಯಲು ಕೂತಾಗ ಕೂದಲು ಕಪ್ಪಗಿತ್ತು, ಎದ್ದಾಗ ನೆರೆತಿತ್ತು.

ಅವರು ಜಗಳೂರಿನ ಪಿಂಜಾರರ ಮಗ. ಅಪ್ಪ ಹೆಗಲ ಮೇಲೆ ಉದ್ದನೆಯ ಬಿಲ್ಲು ಹೊತ್ತು ಊರೂರು ತಿರುಗಿ, ಗಂಟುಗಟ್ಟಿದ ಹಳೇ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದವನು. ಬಿಲ್ಲಿನ ಹುರಿಗೆ ಮರದ ತುಂಡಿನಿಂದ ಹೊಡೆದರೆ ಟುಂಯ್ ಎಂದು ನಾದ ಬರುತ್ತಿತ್ತು, ಕಲ್ಲಿನಂತಿದ್ದ ಹತ್ತಿ ಹೂವಾಗಿ ಹಾರುತ್ತಿತ್ತು. ಆ ಹತ್ತಿಯ ಧೂಳು ಅಪ್ಪನ ಎದೆಯಲ್ಲಿ ಕೂತು ಕೆಮ್ಮಾಯಿತು. ಕೆಮ್ಮುತ್ತಲೇ ಅವನು ಮಗನನ್ನು ಚಿತ್ರದುರ್ಗಕ್ಕೆ ಕಳಿಸಿ ಬಿ.ಎ. ಮಾಡಿಸಿದ. ಸಾಯುವ ಮುಂಚೆ, "ಬಿಲ್ಲು ಗ್ವಾಡಿಗೆ ಇರ್ಲಪ್ಪ, ಮಾರಬ್ಯಾಡ. ಮುಟ್ಟಾಕೂ ಹೋಗಬ್ಯಾಡ" ಎಂದಿದ್ದ. ಮಗ ಎರಡನ್ನೂ ಪಾಲಿಸಿದರು. ಶಾಲೆ ಇದ್ದ ಊರಿಗೆ ಸಂಸಾರ ತಂದಾಗ ಬಿಲ್ಲನ್ನೂ ತಂದು ಗೋಡೆಗೆ ನೇತುಹಾಕಿದರು. ಅದು ಅಲ್ಲಿ ಜೇಡರ ಬಲೆ ಕಟ್ಟಿಸಿಕೊಂಡು ಸುಮ್ಮನಿತ್ತು.

ಅಪ್ಪನ ಕಸುಬು ಬಿಟ್ಟರೂ ಅದರ ಚಾಳಿ ಬಿಡಲಿಲ್ಲ. ಕಾಲೇಜಿನಲ್ಲಿದ್ದಾಗ ರದ್ದಿ ಅಂಗಡಿಯಲ್ಲಿ ಅವರಿಗೊಂದು ರಟ್ಟಿಲ್ಲದ ಪುಸ್ತಕ ಸಿಕ್ಕಿತ್ತು. ಇಂಗ್ಲಿಷಿನ ನುಡಿಗಟ್ಟುಗಳು ಎಲ್ಲಿಂದ ಬಂದವು, ಯಾರು ಯಾವಾಗ ಯಾಕೆ ಹಾಗೆ ಅಂದರು ಎಂಬ ಕತೆಗಳು ಅದರಲ್ಲಿದ್ದವು. ಅದನ್ನು ಓದಿ ಹುಚ್ಚೇ ಹಿಡಿಯಿತು. ಮಿಕ್ಕ ಮೇಷ್ಟ್ರುಗಳು ನುಡಿಗಟ್ಟನ್ನು ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಅರ್ಥ ಬರೆದು, ಬಾಯಿಪಾಠ ಮಾಡಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಹೊಲಿಗೆ ಬಿಚ್ಚಿ, ಒಳಗಿನದನ್ನೆಲ್ಲ ಹೊರಗೆಳೆದು, ಹಿಂಜಿ ಹಿಂಜಿ ಹರವಿದ ಮೇಲೇ ಅರ್ಥಕ್ಕೆ ಬರುತ್ತಿದ್ದರು. ಪಾಠ ಮುಗಿಯುತ್ತಿರಲಿಲ್ಲ, ಗಂಟೆ ಹೊಡೆಯುತ್ತಿತ್ತು. ಹೆಡ್‌ಮಾಸ್ತರರು ಮೂಗು ಮುರಿಯುತ್ತಿದ್ದರು. ಆದರೆ ಹಿಂದಿನ ಬೆಂಚಿನವರೂ ನಿದ್ದೆ ಮಾಡದೆ ಕೂರುತ್ತಿದ್ದುದು ಇಂಗ್ಲಿಷ್ ಪಾಠಕ್ಕೆ ಮಾತ್ರ.

ಒಂದು ದಿನ 'ಬ್ಲ್ಯಾಕ್ ಶೀಪ್' ಬಂತು. ಮನೆತನಕ್ಕೆ ಕೆಟ್ಟ ಹೆಸರು ತರುವವನನ್ನು ಇಂಗ್ಲಿಷರು ಕರಿ ಕುರಿ ಅನ್ನುತ್ತಾರೆ ಎಂದರು ನನ್ನೇಸಾಬರು. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಹಟ್ಟಿಯಿಂದ ಬರುತ್ತಿದ್ದ ಕುರುಬರ ಗಿಡ್ಡಪ್ಪ ಎದ್ದು ನಿಂತು, "ಕರಿ ಕುರಿ ಉಣ್ಣೆಗೇ ಸಾ ರೇಟು ಜಾಸ್ತಿ. ಕಂಬಳಿಗೆ ಬಣ್ಣ ಹಾಕಾದೇ ಬ್ಯಾಡ" ಎಂದ. ಇಂಗ್ಲಿಷರ ನಾಡಿನಲ್ಲಿ ಬಿಳಿ ಉಣ್ಣೆಗೆ ಬೇಕಾದ ಬಣ್ಣ ಹಾಕಬಹುದಿತ್ತು, ಕರಿ ಉಣ್ಣೆಗೆ ಯಾವ ಬಣ್ಣವೂ ಹತ್ತುತ್ತಿರಲಿಲ್ಲ, ಅದಕ್ಕೇ ಕರಿ ಕುರಿ ಎಂದರೆ ನಷ್ಟದ ಕುರಿಯಂತೆ ಎಂದು ಮೇಷ್ಟ್ರು ಬಿಡಿಸಿ ಹೇಳಿದರು. ಗಿಡ್ಡಪ್ಪ ತಲೆ ಕೆರೆದುಕೊಂಡು, "ಹಂಗಾರೆ ಆ ಕುರಿ ಎಲ್ಲಾ ನಮ್ಮ ಹಟ್ಟಿಗೆ ಕಳಿಸಾಕೆ ಹೇಳ್ರಿ ಸಾ" ಎಂದ. ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇನ್ನೊಮ್ಮೆ 'ಬೈಟ್ ದ ಬುಲೆಟ್' ಹೇಳಿಕೊಟ್ಟರು. ಅರಿವಳಿಕೆ ಇಲ್ಲದ ಕಾಲದಲ್ಲಿ ಗಾಯಗೊಂಡ ಸಿಪಾಯಿಯ ಹಲ್ಲಿಗೆ ಬಂದೂಕಿನ ಗುಂಡು ಕೊಟ್ಟು, ಕಚ್ಚಿಕೋ ಎಂದು ಹೇಳಿ ಕೈಯೋ ಕಾಲೋ ಕೊಯ್ಯುತ್ತಿದ್ದರಂತೆ. ಅದಾದ ಮೇಲೆ ಯಾರ ಕಾಲಿಗೆ ಜಾಲಿ ಮುಳ್ಳು ಚುಚ್ಚಿದರೂ ಮಕ್ಕಳು ಅವರ ಬಾಯಿಗೆ ಸೀಮೆಸುಣ್ಣದ ತುಂಡು ತುರುಕಿ, "ಬುಲೆಟ್ ಕಚ್ಚು, ಬುಲೆಟ್ ಕಚ್ಚು" ಎಂದು ಕೂಗುತ್ತ ಮುಳ್ಳು ಕೀಳುತ್ತಿದ್ದರು. ಶಾಲೆಯ ಸೀಮೆಸುಣ್ಣ ಬೇಗ ಖರ್ಚಾಗುತ್ತದೆಂದು ಹೆಡ್‌ಮಾಸ್ತರರು ಗೊಣಗಿದರು.

ನನ್ನೇಸಾಬರಿಗೆ ಎಲ್ಲಕ್ಕಿಂತ ಪ್ರೀತಿಯದು 'ಇಲೆವೆಂತ್ ಅವರ್'. ಅದರ ಕತೆ ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ಅದು ಯೇಸು ಹೇಳಿದ ಕತೆ. ಒಬ್ಬ ಯಜಮಾನ ದ್ರಾಕ್ಷಿ ತೋಟಕ್ಕೆ ಬೆಳಗಾಗುತ್ತಲೇ ಆಳು ಕರೆದ, ದಿನಕ್ಕೆ ಇಷ್ಟು ಕೂಲಿ ಎಂದು ಮಾತಾಯಿತು. ಬಿಸಿಲೇರಿದ ಮೇಲೆ ಇನ್ನಷ್ಟು ಜನರನ್ನು ಕರೆದ. ಆ ಕಾಲದಲ್ಲಿ ಹೊತ್ತು ಹುಟ್ಟಿದಾಗಿನಿಂದ ಗಂಟೆ ಎಣಿಸುತ್ತಿದ್ದರು. ಹನ್ನೊಂದನೇ ಗಂಟೆಗೆ, ಅಂದರೆ ಇನ್ನೇನು ಹೊತ್ತು ಮುಳುಗುತ್ತದೆ ಎನ್ನುವಾಗ, ಸಂತೆ ಬೀದಿಯಲ್ಲಿ ಯಾರೂ ಕರೆಯದೆ ನಿಂತಿದ್ದವರನ್ನೂ ಕರೆದ. ಸಂಜೆ ಕೂಲಿ ಕೊಡುವಾಗ ಕೊನೆಗೆ ಬಂದವರಿಗೂ ಪೂರ್ತಿ ದಿನದ ಕೂಲಿ ಕೊಟ್ಟ. "ತಿಳೀತೇನ್ರಪ್ಪಾ? ಹೊತ್ತಾದ್ರೂ ಹೆದರಬಾರ್ದು. ಕೊನೇ ಗಳಿಗೇಲಿ ಕರೆದ್ರೂ ಸಿಗೋ ಕೂಲಿ ಅಷ್ಟೇ" ಎಂದು ಮೇಷ್ಟ್ರು ಕತೆ ಮುಗಿಸುತ್ತಿದ್ದರು.

ಆದರೆ ಅವರ ಮುಂದೆ ಕೂತ ಮಕ್ಕಳು ಶೇಂಗಾ ಸೀಮೆಯವರು. ಅಲ್ಲಿ ಶೇಂಗಾ ಕಿತ್ತ ಮೇಲೆ ಗಿಡವನ್ನು ಕಣಕ್ಕೆ ತಂದು ಹಾಕುತ್ತಾರೆ. ಹೆಂಗಸರು ಮಕ್ಕಳೆಲ್ಲ ಕೂತು ಕಾಯಿ ಬಿಡಿಸುತ್ತಾರೆ. ಪ್ರತಿಯೊಬ್ಬರ ಮುಂದೆ ಅವರವರ ಗುಡ್ಡೆ. ಸಂಜೆ ಯಜಮಾನ ಒಂದೊಂದೇ ಗುಡ್ಡೆಯನ್ನು ಸೇರಿನಲ್ಲಿ ಅಳೆದು, ಅಳತೆಗೆ ತಕ್ಕ ಪಾಲು ಅವರ ಉಡಿಗೆ ಹಾಕುತ್ತಾನೆ. ತಡವಾಗಿ ಬಂದವರ ಗುಡ್ಡೆ ಚಿಕ್ಕದು, ಪಾಲೂ ಚಿಕ್ಕದು. ಹೀಗೆ ಅಳೆದದ್ದನ್ನೇ ಕಂಡ ಕ್ಲಾಸು ಮೇಷ್ಟ್ರ ಕತೆ ಕೇಳಿ ಮಿಕಮಿಕ ನೋಡಿತು. ಸುಗ್ಗಿಯಲ್ಲಿ ಶಾಲೆ ಬಿಟ್ಟು ಕಾಯಿ ಬಿಡಿಸಲು ಹೋಗುತ್ತಿದ್ದ ಹೊನ್ನೂರಮ್ಮ ಎಂಬ ಹುಡುಗಿ ಎದ್ದು ನಿಂತಳು.

"ಹಂಗಾರೆ ಬೆಳಿಗ್ಗೆ ಬಂದೋರ ಗುಡ್ಡೆ ಯಾರ್ ತಗಂಡ್ರು ಸಾ?"

"ಅದು ಶೇಂಗಾ ಅಲ್ಲಮ್ಮ, ದ್ರಾಕ್ಷಿ. ಗುಡ್ಡೆ ಇಲ್ಲ."

"ಗುಡ್ಡೆ ಇಲ್ದಿದ್ರೂ ಕೆಲ್ಸ ಐತಲ್ಲ ಸಾ. ಬಿಸ್ಲಾಗೆ ಮಾಡಿದ್ದು. ಅವ್ರು ಏನಂದ್ರು?"

ಅವರು ಏನಂದರು ಎಂಬುದೂ ಪುಸ್ತಕದಲ್ಲಿತ್ತು. ನನ್ನೇಸಾಬರು ಅದನ್ನು ಓದಿದ್ದರು. ಆದರೆ ಹೇಳಲು ಮನಸ್ಸು ಬರಲಿಲ್ಲ. ಪಿಂಜಾರರ ಮನೆಯಿಂದ ಮೊದಲ ಸಲ ಶಾಲೆಯ ಮುಖ ಕಂಡವರು ಅವರು. ಯಾರೂ ಕರೆಯದೆ ಬೀದಿಯಲ್ಲಿ ನಿಂತಿದ್ದವರ ಸಾಲಿನಲ್ಲೇ ತಮ್ಮನ್ನು ಇಟ್ಟುಕೊಂಡಿದ್ದರು, ಆ ಕತೆ ತಮಗಾಗಿಯೇ ಹೇಳಿದ್ದು ಅಂದುಕೊಂಡಿದ್ದರು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ" ಎಂದುಬಿಟ್ಟರು. ಯಾವ ಮಾತಿಗೂ ಹಾಗೆ ಅನ್ನದ ಮೇಷ್ಟ್ರು ಅಂದು ಅಂದರು. ಹೊನ್ನೂರಮ್ಮ ಮುಖ ಚಿಕ್ಕದು ಮಾಡಿಕೊಂಡು ಕೂತಳು.

ಮುಂದೊಂದು ವರ್ಷ ಅವರಿಗೆ ದಾವಣಗೆರೆಯಲ್ಲಿ ಬಿ.ಎಡ್. ಸೀಟು ಸಿಕ್ಕಿತು. ಅದಿಲ್ಲದೆ ಹೈಸ್ಕೂಲು ಮೇಷ್ಟ್ರ ಹುದ್ದೆ ಮಂಜೂರಾಗುವುದಿಲ್ಲ. ಟ್ರಂಕಿಗೆ ಬಟ್ಟೆ ತುಂಬಿಯಾಗಿತ್ತು. ಉಚ್ಚಂಗೆಪ್ಪ ಗೌಡರು ಮನೆ ಬಾಗಿಲಿಗೇ ಬಂದರು. ಗೌಡರು ಬಾಗಿಲಿಗೆ ಬರುವುದೆಂದರೆ ಆ ಓಣಿಗೆ ದೊಡ್ಡ ಸುದ್ದಿ.

"ನನ್ನೇಸಾಬ್ರೇ, ನೀವು ಹೋದ್ರೆ ಇಂಗ್ಲಿಷಿಗೆ ಯಾರ್ನ ತರ್ಲಿ ಹೇಳ್ರಿ? ರಿಜಲ್ಟ್ ಬಂದ್ರೆ ತಾನೇ ಅನುದಾನ? ಅದು ಬರಾತಂಕ ತಡೀರಿ. ನಿಮ್ಮ ಜಾಗ ನಿಮ್ದೇ, ಅದನ್ನ ಯಾರ್ ಮುಟ್ತಾರೆ? ಬಿ.ಎಡ್. ಆಮೇಲೂ ಮಾಡ್ಬೌದು."

ನನ್ನೇಸಾಬರು ಟ್ರಂಕು ಬಿಚ್ಚಿದರು. ಗೌಡರು ಬಾಗಿಲಿಗೆ ಬಂದದ್ದಕ್ಕೇ ಅವರಿಗೆ ಹೊಟ್ಟೆ ತುಂಬಿತ್ತು. ಹೆಂಡತಿ ಖಮರುನ್ನೀಸಾ ಆಗ ಹಳೇ ಸೀರೆಗಳನ್ನು ಪದರ ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಆ ಮನೆಯ ಒಲೆ ಉರಿಯುತ್ತಿದ್ದುದು ಅವಳ ಸೂಜಿಯಿಂದಲೇ. ತಲೆಯೆತ್ತದೆ ಕೇಳಿದಳು:

"ಆಮೇಲೆ ಅಂದ್ರೆ ಯಾವಾಗ್ರೀ?"

"ಯಾವಾಗಾದ್ರೂ ಸೈ. ಹೊತ್ತು ಮುಳುಗಾ ಹೊತ್ತಿಗೆ ಕರೆದ್ರೂ ಆ ಯಜಮಾನ ಪೂರ್ತಿ ಕೂಲಿ ಕೊಟ್ಟ ಗೊತ್ತೇನು" ಎಂದು ಮೇಷ್ಟ್ರು ಅವಳಿಗೂ ಆ ಕತೆ ಹೇಳಿದರು.

ಅವಳು ದಾರ ಹಲ್ಲಿನಲ್ಲಿ ಕಡಿದು, "ಆ ಯಜಮಾನ್ರಿಗೂ ನಮ್ಮ ಗೌಡ್ರಿಗೂ ಏನ್ ಸಂಬಂಧ?" ಎಂದಳು.

ಅವರು ನಕ್ಕರು. ನಗುವ ಮಾತಾಗಿರಲಿಲ್ಲ ಅದು. ನುಡಿಗಟ್ಟಿನ ಬೇರು ಬಗೆಯುವ ಮನುಷ್ಯನಿಗೆ ಎದುರಿಗೆ ಕೂತು ಮಾತಾಡಿದ ಗೌಡರ ಮಾತಿನ ಬೇರು ಕಾಣಲಿಲ್ಲವಲ್ಲ ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ರಿಜಲ್ಟ್ ಬಂತು. ಇಂಗ್ಲಿಷಿನಲ್ಲಿ ಮಣ್ಣು ಮುಕ್ಕುವ ಸೀಮೆಯಲ್ಲಿ ಈ ಶಾಲೆಯ ಮಕ್ಕಳು ಇಂಗ್ಲಿಷಿನಲ್ಲಿ ಪಾಸಾಗುತ್ತಿದ್ದರು. ಗಿಡ್ಡಪ್ಪ ಪಾಸಾಗಿ ಹೊನ್ನಾಳಿಯ ಕಡೆ ಕಂಡಕ್ಟರ್ ಆದ. ಹೊನ್ನೂರಮ್ಮ ಇಂಗ್ಲಿಷಿನಲ್ಲಿ ಪಾಸು, ಗಣಿತದಲ್ಲಿ ಡುಮ್ಕಿ. ಮತ್ತೆ ಕಟ್ಟಿಸುವ ಮಾತು ಅವಳ ಮನೆಯಲ್ಲಿ ಏಳಲೇ ಇಲ್ಲ. ಸಾಸ್ವೆಹಳ್ಳಿಯ ಕಡೆ ಮದುವೆ ಮಾಡಿ ಕಳಿಸಿದರು. ಗಂಡ ತೀರಿಕೊಂಡು ಕೂಸಿನ ಸಮೇತ ತವರಿಗೆ ವಾಪಸ್ ಬಂದು ಅವಳು ಮತ್ತೆ ಶೇಂಗಾ ಕಣಕ್ಕೇ ಕೂತಳು. ದಾರಿಯಲ್ಲಿ ಸಿಕ್ಕಾಗಲೆಲ್ಲ "ನಮಸ್ಕಾರ ಸಾ" ಅನ್ನುತ್ತಿದ್ದಳು, ಮೇಷ್ಟ್ರು ನೆಲ ನೋಡಿಕೊಂಡು ತಲೆ ಆಡಿಸುತ್ತಿದ್ದರು.

ಬಿ.ಎಡ್. ಮಾತು ವರ್ಷ ವರ್ಷವೂ ಮುಂದಕ್ಕೆ ಹೋಯಿತು. ಒಂದು ವರ್ಷ ಇನ್‌ಸ್ಪೆಕ್ಷನ್, ಒಂದು ವರ್ಷ ಮಗಳ ಕಾಯಿಲೆ, ಒಂದು ವರ್ಷ ಗೌಡರು ಊರಲ್ಲಿರಲಿಲ್ಲ. ಮಗಳು ಆ ಕಾಯಿಲೆಯಲ್ಲೇ ಹೋದಳು. ಕೊನೆಗೆ ವಯಸ್ಸು ಮೀರಿತು, ಸೀಟೂ ಸಿಗದಂತಾಯಿತು. ಆಗಲೂ ನನ್ನೇಸಾಬರು ಗೌಡರ ಮಾತು ನಂಬಿಕೊಂಡೇ ಇದ್ದರು.

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಅನುದಾನ ಬಂತು. ಗೌಡರು ಊರಿಗೆಲ್ಲ ಪೇಡೆ ಹಂಚಿಸಿದರು. ಹೆಡ್‌ಮಾಸ್ತರರು ನನ್ನೇಸಾಬರನ್ನು ಒಳಗೆ ಕರೆದು, ಮುಖ ನೋಡದೆ, ಇಂಗ್ಲಿಷ್ ಹುದ್ದೆಗೆ ಚನ್ನಗಿರಿಯಿಂದ ಹೊಸದಾಗಿ ಬಂದಿದ್ದ ಮುರುಗೇಶಪ್ಪನ ಹೆಸರು ಮಂಜೂರಾಗಿದೆ ಎಂದರು. ಬಿ.ಎ., ಬಿ.ಎಡ್. ಆದ ಹುಡುಗ. ಗೌಡರ ಮಗಳಿಗೆ ಗೊತ್ತು ಮಾಡಿರುವ ವರ. ಅವನು ಆ ಶಾಲೆಗೆ ಬಂದು ಒಂದು ಮಳೆಗಾಲವೂ ಕಳೆದಿರಲಿಲ್ಲ. ಮುಂಚೆಯಿಂದ ದುಡಿದವರು ಕಟ್ಟಿಕೊಟ್ಟ ರಿಜಲ್ಟಿನ ಮೇಲೆ ಬಂದ ಅನುದಾನ ಅವನ ಪಾಲಾಯಿತು, ಇವರಿಗೆ ಶಾಲೆಯಲ್ಲಿ ಜಾಗವೇ ಇಲ್ಲದಂತಾಯಿತು. ನನ್ನೇಸಾಬರು ಗೌಡರ ಮನೆಗೆ ಹೋದರು.

"ನಾನೇನ್ ಮಾಡ್ಲಿ ಸಾಬ್ರೇ, ಸರ್ಕಾರದ ರೂಲು. ಬಿ.ಎಡ್. ಇಲ್ದೆ ಆಗಾಂಗಿಲ್ಲ ಅಂದ್ರು" ಎಂದರು ಗೌಡರು.

"ತಡೀರಿ ಅಂದೋರು ನೀವೇ ಗೌಡ್ರೇ."

"ಅಂದಿರ್ಬೌದು. ನೀವು ಓದ್ದೋರು, ನಿಮ್ಗೆ ತಿಳೀಬೇಕಿತ್ತು."

ನನ್ನೇಸಾಬರು ನಾಚಿಕೆ ಬಿಟ್ಟು, "ಜವಾನನ ಜಾಗನಾದ್ರೂ ಕೊಡ್ರಿ. ಗಂಟೆ ಹೊಡೀತೀನಿ" ಎಂದರು.

"ಛೇ ಛೇ, ಬಿ.ಎ. ಆದೋರ ಕೈಲಿ ಗಂಟೆ ಹೊಡಿಸಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ" ಎಂದು ಗೌಡರು ಎದ್ದು ಒಳಗೆ ಹೋದರು. ಜವಾನನ ಜಾಗಕ್ಕೆ ಅವರ ಅಕ್ಕನ ಮಗ ಬಂದ. ಯಾರೂ ಯಾರ ಮುಖಕ್ಕೂ ಉಗಿಯಲಿಲ್ಲ.

ಮನೆಗೆ ಬಂದು ನನ್ನೇಸಾಬರು ತಲೆಯ ಮೇಲೆ ಕೈ ಹೊತ್ತು ಕೂತರು. ಖಮರುನ್ನೀಸಾ ಆಡಿಕೊಳ್ಳಲಿಲ್ಲ. ಅವಳ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗಿದ್ದ ಕಾಲ ಅದು. ನಾಲ್ಕು ದಿನ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡ ಮೇಲೆ ಅವಳೇ ಸ್ಟೂಲು ಹಾಕಿ ಹತ್ತಿ, ಗೋಡೆಯ ಬಿಲ್ಲು ಇಳಿಸಿ, ಸೆರಗಿನಿಂದ ಬಲೆ ಒರೆಸಿ ಅವರ ಮುಂದಿಟ್ಟಳು.

"ಅಪ್ಪ ಮುಟ್ಟಬ್ಯಾಡ ಅಂದಿದ್ದ" ಎಂದರು ಅವರು.

"ಮಾವ ಇದ್ದಿದ್ರೆ ಅವರೇ ಕೊಡೋರು" ಎಂದಳು.

ಕಾರ್ತೀಕದಲ್ಲಿ ಗೌಡರ ಮಗಳ ಮದುವೆ. ಮದುವೆಗೆ ಹೊಸ ಗಾದಿ ಆಗಬೇಕಲ್ಲ, ನನ್ನೇಸಾಬರಿಗೇ ಹೇಳಿಕಳಿಸಿದರು. ಅವರು ಬಿಲ್ಲು ಹೆಗಲಿಗೆ ಹಾಕಿಕೊಂಡು ಶಾಲೆಯ ಮುಂದಿನಿಂದಲೇ ಹೋಗಬೇಕಾಯಿತು. ಬೇರೆ ದಾರಿ ಇರಲಿಲ್ಲ. ಕಿಟಕಿಯಲ್ಲಿ ಮಕ್ಕಳ ತಲೆ ಕಂಡವು, ಆಮೇಲೆ ಒಂದೊಂದಾಗಿ ಒಳಗೆ ಸರಿದವು. ಗೌಡರ ಹಿತ್ತಲಿನ ಕಣದಲ್ಲಿ ಒಂದು ಕಡೆ ಹೆಂಗಸರು ಶೇಂಗಾ ಬಿಡಿಸುತ್ತ ಕೂತಿದ್ದರು. ಇನ್ನೊಂದು ಕಡೆ ಹತ್ತಿಯ ಮೂಟೆ ಇಳಿಸಿದ್ದರು.

"ಬಾರಪ್ಪ ನನ್ನೇಸಾಬ, ಅಲ್ಲೇ ಕೂತು ಹಿಂಜು. ಧೂಳು ಒಳಗೆ ಬರ್ದಂಗೆ ನೋಡ್ಕ" ಎಂದರು ಗೌಡರು. ನಿನ್ನೆ ಮೊನ್ನೆಯ ತನಕ ಇದ್ದ 'ಸಾಬ್ರೇ', 'ರೀ' ಎರಡೂ ಹೋಗಿದ್ದವು.

ಅವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತರು. ಕೈಗೆ ಕಸುಬು ಬರುತ್ತಿರಲಿಲ್ಲ, ಚಿಕ್ಕಂದಿನಲ್ಲಿ ನೋಡಿದ್ದಷ್ಟೇ. ಹುರಿ ಎರಡು ಸಲ ಬೆರಳಿಗೆ ಹೊಡೆದು ರಕ್ತ ಬಂತು. ಮಧ್ಯಾಹ್ನದ ಹೊತ್ತಿಗೆ ಹತ್ತಿ ಏಳತೊಡಗಿತು, ಕೆಮ್ಮೂ ಎದ್ದಿತು. ಶಾಲೆ ಬಿಟ್ಟ ಮೇಲೆ ಮುರುಗೇಶಪ್ಪ ಬಂದ. ಕೆಟ್ಟವನೇನಲ್ಲ, ಇವರನ್ನು ಕಂಡು ತಬ್ಬಿಬ್ಬಾಗಿ ನಿಂತ. ಏನಾದರೂ ಮಾತಾಡಬೇಕೆಂದು ಮಾತಾಡಿದ.

"ಸಾರ್, ನಿಮ್ಮ ಹುಡುಗ್ರು ಭಾರಿ ಜೋರು. ಇಡಿಯಂ ಅರ್ಥ ಬರೆಸಿದ್ರೆ ಬರ್ಕೊಳ್ಳಲ್ಲ. ಇದ್ರ ಕತೆ ಏನು ಸಾ ಅಂತಾವೆ. ಕತೆ ಪರೀಕ್ಷೆಗೆ ಬರಲ್ಲ ಅಂತ ಈಗೀಗ ರೂಢಿ ಬಿಡಿಸ್ತಾ ಇದೀನಿ."

"ಒಳ್ಳೇದು" ಎಂದರು ನನ್ನೇಸಾಬರು. ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವರಿಂದ ಆಗಲಿಲ್ಲ. ಅದೇ ಮಾತನ್ನು ತಾವೂ ಒಮ್ಮೆ ಆಡಿದ್ದು ನೆನಪಾಯಿತು.

ಹೊತ್ತು ಇಳಿಯಿತು. ಗೌಡರು ಸೇರು ಹಿಡಿದು ಬಂದು ಹೆಂಗಸರ ಗುಡ್ಡೆಗಳನ್ನು ಅಳೆಯತೊಡಗಿದರು. ತನ್ನ ಸರದಿಗೆ ಕಾಯುತ್ತಿದ್ದ ಹೊನ್ನೂರಮ್ಮ ಬೆಳಗಿನಿಂದ ಈ ಕಡೆ ನೋಡಿಯೂ ನೋಡದಂತೆ ಕೂತಿದ್ದವಳು, ಈಗ ಎದ್ದು ಬಂದು ಒಂದು ಚೊಂಬು ನೀರು ಇಟ್ಟಳು. ಅವರು ಕುಡಿದರು. ಅವಳು ಹೋಗಲಿಲ್ಲ, ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಸಾ, ಬೆಳಿಗ್ಗೆ ಬಂದೋರು ಏನಂದ್ರು ಅಂತ ನೀವು ಅವತ್ತು ಹೇಳ್ಲಿಲ್ಲ."

ಯಾವ ಕತೆ ಎಂದು ಅವರು ಕೇಳಲಿಲ್ಲ. ಮೂಗಿನ ಬಟ್ಟೆ ಕೆಳಗೆ ಸರಿಸಿದರು.

"ಗೊಣಗಿದ್ರು ಕಣಮ್ಮ. ದಿನವೆಲ್ಲಾ ಬಿಸಿಲಾಗೆ ಬೆಂದೋರು ನಾವು, ಅವರಿಗೂ ನಮಗೂ ಒಂದೇನಾ ಅಂದ್ರು."

"ಯಜಮಾನ ಏನಂದ?"

"ಅನ್ಯಾಯ ಮಾಡಿಲ್ಲ, ಮಾತಾಡಿದ ಕೂಲಿ ಕೊಟ್ಟಿದೀನಿ, ನಿಂದು ನೀನು ತಗೊಂಡು ನಡಿ ಅಂದ."

"ಬೆಳಿಗ್ಗೆ ಬಂದೋರ್ಗೂ ಕೂಲಿ ಕೊಟ್ಟನಾ?"

"ಕೊಟ್ಟ. ಕತೇಲಿ ಕೊಟ್ಟ."

ಹೊನ್ನೂರಮ್ಮ ಹಿಂಜಿದ ಹತ್ತಿಯ ಕಡೆ ನೋಡಿದಳು. ಅದು ಅವರ ಎದೆಮಟ್ಟಕ್ಕೆ ಬೆಳ್ಳಗೆ ಬೆಳೆದು ನಿಂತಿತ್ತು, ಕಣದ ಯಾವ ಗುಡ್ಡೆಗಿಂತಲೂ ದೊಡ್ಡದು. ಅವಳು ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗೌಡರು ಅವಳ ಗುಡ್ಡೆಯ ಹತ್ತಿರ ಬಂದು ಕೂಗಿದರು, ಉಡಿ ಒಡ್ಡಲು ಅವಳು ಓಡಿಹೋದಳು.

ಗೌಡರು ಅವಳದನ್ನು ಅಳೆದು ಮುಗಿಸಿ ಈ ಕಡೆ ಬಂದರು. ಹತ್ತಿಗೆ ಕೈ ಹಾಕಿ ಹಿಸುಕಿ ನೋಡಿ, "ಚೆನ್ನಾಗೈತೆ. ಅಳಿಯಂದ್ರಿಗೆ ಮೆತ್ತಗಾಗ್ತದೆ. ತಗ, ನಿಂದು ನೀನು ತಗೊಂಡು ನಡಿ" ಎಂದು ಕೂಲಿ ಚಾಚಿದರು.

ನನ್ನೇಸಾಬರು ಕೂಲಿ ತೆಗೆದುಕೊಂಡು, ಬಿಲ್ಲು ಹೆಗಲಿಗೆ ಹಾಕಿಕೊಂಡು, ಕೆಮ್ಮುತ್ತ ಮನೆಯ ಕಡೆ ನಡೆದರು.